ಕಸದ ಗುಂಡಿಯಲ್ಲಿ ಕಟ್ಟಿಸಿದ ಹಲ್ಲು

"ಇಳೀಬೇಡಿ ಅಕ್ಕ," ಎಂದ ಜೆಸಿಬಿ ಡ್ರೈವರು. ಅಷ್ಟು ಹೇಳಿ ಸುಮ್ಮನಾದ.

ಹಲ್ಲಕ್ಕನಿಗೆ ಹೆದರಿಕೆ ಶುರುವಾದದ್ದು ಗುಂಡಿಯನ್ನು ನೋಡಿ ಅಲ್ಲ, ಅವನು ಸುಮ್ಮನಾದದ್ದನ್ನು ನೋಡಿ. ಆ ಮನುಷ್ಯನನ್ನು ಎಲ್ಲರೂ ಕರೆಯುವುದೇ ರೇಡಿಯೋ ಅಂತ. ಬೆಳಿಗ್ಗೆ ಯಂತ್ರದ ಕೀಲಿ ತಿರುಗಿಸುವಾಗ ತೆರೆದ ಬಾಯಿ ಸಂಜೆ ಕೀಲಿ ಕಿತ್ತುಕೊಳ್ಳುವವರೆಗೂ ಮುಚ್ಚುತ್ತಿರಲಿಲ್ಲ. ಮಾವನ ಮನೆಯ ಜಗಳ, ಡೀಸೆಲಿನ ರೇಟು, ತನ್ನ ಮೊಣಕಾಲಿನ ನೋವು ಎಲ್ಲವನ್ನೂ ಇಂಜಿನ್ನಿನ ಸದ್ದಿಗಿಂತ ಒಂದು ಕೈ ಮೇಲಾದ ದನಿಯಲ್ಲಿ ಹೇಳುತ್ತಲೇ ಕೆಲಸ ಮಾಡುವವನು. ಈಗ ಇಂಜಿನ್ನನ್ನೂ ಬಾಯಿಯನ್ನೂ ಒಟ್ಟಿಗೇ ನಿಲ್ಲಿಸಿ, ಸೀಟಿನ ಮೇಲೆ ಕೈಕಟ್ಟಿ ಕೂತುಬಿಟ್ಟಿದ್ದ.

"ಯಾಕೆ? ಏನಾಯ್ತು?"

"ಏನೂ ಆಗಿಲ್ಲ. ಇಳೀಬೇಡಿ ಅಷ್ಟೇ."

ಇಳಿಯಬೇಡ ಅಂದರೆ ಇಳಿಯದೆ ಇರುವ ಹೆಂಗಸಾಗಿದ್ದರೆ ಅವಳು ಈ ಜಮೀನು ಕೊಳ್ಳುವುದಕ್ಕೇ ಹೊರಡುತ್ತಿರಲಿಲ್ಲ.

ಹೆಸರಿಗೆ ಅದು ಎರಡು ಎಕರೆ. ಕಣ್ಣಿಗೆ ಕಾಣುತ್ತಿದ್ದದ್ದು ಒಂದು ದೊಡ್ಡ ಗುಂಡಿ. ಹಿಂದೆ ಇಟ್ಟಿಗೆ ಭಟ್ಟಿಯವರು ಜೇಡಿಮಣ್ಣು ತೆಗೆದು ತೆಗೆದು ಬಿಟ್ಟುಹೋದದ್ದು. ಭಟ್ಟಿ ಮುಚ್ಚಿದ ಮೇಲೆ ಪೇಟೆಯ ಲಾರಿಗಳು ಕದ್ದುಮುಚ್ಚಿ ಬಂದು, ಯಾರಿಗೂ ಬೇಡವಾದದ್ದನ್ನೆಲ್ಲ ಅದರೊಳಗೆ ಸುರಿದು ಹೋಗಿದ್ದವು. ಒಡೆದ ಕಮೋಡು, ಸವೆದ ಟೈರು, ಹೊಟ್ಟೆ ಬಿರಿದ ಹಾಸಿಗೆ, ಬಾಗಿಲಿಲ್ಲದ ಫ್ರಿಜ್ಜು, ಬಣ್ಣದ ಡಬ್ಬ, ಆಸ್ಪತ್ರೆಯ ಸಿರಿಂಜು. ಕಸ ತೆಗೆಸುವ ಭಾರ ಕೊಳ್ಳುವವರದ್ದು ಎಂಬ ಕರಾರಿಗೆ ಅವಳೂ ಅವಳ ಗಂಡನೂ ಸಹಿ ಹಾಕಿ ಇನ್ನೂ ತಿಂಗಳಾಗಿರಲಿಲ್ಲ. ಅಗ್ಗಕ್ಕೆ ಸಿಕ್ಕಿದ್ದೂ ಅದಕ್ಕೇ.

ಗುಂಡಿ ಶುದ್ಧ ಮಾಡಿ ತುಂಬಿಸಿದರೆ ಅದರ ಮೇಲೆ ಒಂದು ಮನೆ. ಮನೆಗೆ ಅಂಟಿಕೊಂಡಂತೆ, ಕಿಟಕಿ ತುಂಬ ಬೆಳಕು ಬರುವ ಒಂದು ಕೆಲಸದ ಕೋಣೆ. ಇಷ್ಟು ವರ್ಷ ಬಾಡಿಗೆ ಮನೆಯ ಕತ್ತಲ ಕೋಣೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಸವೆಸಿದವಳಿಗೆ ಆ ಬೆಳಕಿನ ಆಸೆ ಎಷ್ಟಿತ್ತೆಂದರೆ, ಈ ನಾತದ ನಡುವೆ ದಿನವೂ ಬಂದು ನಿಲ್ಲುತ್ತಿದ್ದಳು. ನಿಂತು ನಿಂತು ಮೂಗಿಗೇ ಬೇಸರ ಬಂದು ಅದು ದೂರು ಕೊಡುವುದನ್ನು ನಿಲ್ಲಿಸಿತ್ತು.

ಅವಳು ಸೆರಗು ಸಿಕ್ಕಿಸಿಕೊಂಡು, ಯಂತ್ರ ಮಾಡಿದ ಇಳಿಜಾರಿನಲ್ಲಿ ಜಾರುತ್ತಾ ಕೆಳಗೆ ಹೋದಳು. ರೇಡಿಯೋ ನಿಟ್ಟುಸಿರು ಬಿಟ್ಟು ಅವಳ ಹಿಂದೆಯೇ ಬಂದ.

"ಅಲ್ಲಿ ನೋಡಿ ಅಕ್ಕ. ಮೇಲೆ ಏನಿತ್ತು? ಹಳೇ ಕಾಲದ ದಪ್ಪ ಟೀವಿ, ತುಕ್ಕು ಹಿಡಿದ ತಗಡಿನ ತೊಟ್ಟಿ. ಅದರ ಕೆಳಗೆ ಇನ್ನೂ ಹಳೇದು ಇರಬೇಕು ತಾನೇ?"

"ಹೌದು."

"ಇದು ಹಳೇದಾ?"

ಅವನು ಬೆರಳು ಮಾಡಿದ ಕಡೆ, ತಗಡಿನ ಕೆಳಗಿನಿಂದ ಒಂದು ಟಾರ್ಪಾಲಿನ ಅಂಚು ಇಣುಕುತ್ತಿತ್ತು. ಕಿತ್ತಳೆ ಬಣ್ಣ, ಅಂಚಿಗೆ ಬೆಳ್ಳಿ ಪಟ್ಟಿ. ಮಣ್ಣು ಮೆತ್ತಿದ್ದರೂ ಹೊಚ್ಚ ಹೊಸದರ ಹಾಗೆ ಕಾಣುತ್ತಿತ್ತು.

"ಈ ಮಾಲು ಅಂಗಡಿಗೆ ಬಂದೇ ಎರಡು ವರ್ಷ ಆಗಿದೆ. ನಾನೂ ಒಂದು ತಗೊಂಡಿದೀನಿ, ಯಂತ್ರಕ್ಕೆ ಹೊದಿಸೋಕೆ. ಇದನ್ನ ಯಾರೋ ಒಂದ್ಸಲ ಅಗೆದಿದಾರೆ ಅಕ್ಕ. ಅಗೆದು, ಇದನ್ನ ಇಟ್ಟು, ಹಳೇ ಕಸಾನೇ ಮತ್ತೆ ಮೇಲೆ ತುಂಬಿದಾರೆ."

ಟಾರ್ಪಾಲನ್ನು ಉದ್ದಕ್ಕೆ ಸುರುಳಿ ಸುತ್ತಿ ಹಗ್ಗದಿಂದ ಮೂರು ಕಡೆ ಬಿಗಿದಿತ್ತು. ಸುರುಳಿಯ ಬಹುಭಾಗ ಇನ್ನೂ ಕಸದೊಳಗೇ ಇತ್ತು. ಅದರ ಉದ್ದ ಎಷ್ಟಿರಬಹುದು ಎಂದು ಇಬ್ಬರೂ ಮನಸ್ಸಿನಲ್ಲೇ ಅಂದಾಜು ಮಾಡಿದರು. ಯಂತ್ರದ ಹಲ್ಲು ತಾಗಿ ಟಾರ್ಪಾಲಿನ ಒಂದು ತುದಿ ಹರಿದಿತ್ತು. ಹರಿದ ಬಾಯಿಯಿಂದ ಒಂದಿಷ್ಟು ಕಪ್ಪು ಮಣ್ಣು ಸುರಿದು, ಆ ಮಣ್ಣಿನ ಮೇಲೆ ಗುಲಾಬಿ ಬಣ್ಣದ ಸಣ್ಣದೊಂದು ವಸ್ತು ಬಿದ್ದಿತ್ತು.

ಹಲ್ಲಕ್ಕ ಅದನ್ನು ಎತ್ತಿಕೊಂಡಳು. ಹೆಗಲ ಚೀಲದಿಂದ ನೀರಿನ ಬಾಟಲಿ ತೆಗೆದು ಸ್ವಲ್ಪ ಸುರಿದು ಹೆಬ್ಬೆರಳಿನಿಂದ ಉಜ್ಜಿದಳು. ಉಜ್ಜುತ್ತಿದ್ದ ಬೆರಳು ಹಾಗೇ ನಿಂತಿತು.

ಹಲ್ಲಿನ ಸೆಟ್ಟು. ಮೇಲ್ದವಡೆಯ ಮುಂದಿನ ಆರು ಹಲ್ಲು. ಎರಡು ಕಡೆ ತಂತಿಯ ಕೊಂಡಿ. ಕೊಂಡಿಯ ತುದಿಯನ್ನು ಕತ್ತರಿಸಿ ಬಿಡದೆ, ನಾಲಿಗೆಗೆ ಚುಚ್ಚದಿರಲೆಂದು ಒಳಕ್ಕೆ ಒಂದು ಸುತ್ತು ಸುತ್ತಿ ಮುಚ್ಚಿತ್ತು. ಅಷ್ಟು ತಾಳ್ಮೆಯಿಂದ ಆ ಸುತ್ತು ಹಾಕುವವರು ಆ ಪೇಟೆಯಲ್ಲಿ ಒಬ್ಬರೇ. ಅದು ಅವಳೇ.

ಅವಳ ಕೈಯಲ್ಲಿದ್ದದ್ದು ಅವಳದೇ ಕೈಕೆಲಸ.

ಅವಳ ಬೀದಿಯಲ್ಲಿ ಅವಳಿಗೆ ಹಲ್ಲಕ್ಕ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಅದಕ್ಕೆ ಪ್ಲಾಸ್ಟರ್ ಎರೆದು, ಆ ಪ್ಲಾಸ್ಟರಿನ ದವಡೆಯ ಮೇಲೆ ಹಲ್ಲು ಕೂರಿಸಿ ಸೆಟ್ಟು ಮಾಡಿ ಕಳಿಸುತ್ತಾಳೆ. ಊರಿನ ಅರ್ಧ ಮುದುಕರು ನಗುವುದು ಇವಳ ಹಲ್ಲಿನಿಂದ. ಆದರೆ ಅವರಲ್ಲಿ ಒಬ್ಬರ ಮುಖವೂ ಇವಳಿಗೆ ಗೊತ್ತಿಲ್ಲ. ಬಾಯಿಗಳು ಮಾತ್ರ ಗೊತ್ತು. ಮದುವೆ ಮನೆಯಲ್ಲಿ ಯಾರಾದರೂ ನಕ್ಕರೆ, 'ಇದು ನನ್ನದು' ಎಂದು ಗಂಡನ ಕಿವಿಯಲ್ಲಿ ಪಿಸುಗುಟ್ಟಿ ಅವನಿಂದ ಬೈಸಿಕೊಂಡದ್ದೂ ಉಂಟು.

ಈ ಬಾಯಿಯೂ ಅವಳಿಗೆ ನೆನಪಿತ್ತು. ಅಂಗುಳಿನ ನಡುವೆ ಹುಟ್ಟಿನಿಂದ ಬಂದ ದೊಡ್ಡ ಮೂಳೆಯ ಗಂಟು. ಗುಲಗಂಜಿಯಷ್ಟಲ್ಲ, ಗೋಲಿಯಷ್ಟು. ಅದಕ್ಕೆ ಒತ್ತದ ಹಾಗೆ ಸೆಟ್ಟಿನ ನಡುಭಾಗವನ್ನು ಲಾಳದ ಆಕಾರದಲ್ಲಿ ಕತ್ತರಿಸಲು ಅವಳು ಎರಡು ದಿನ ಒದ್ದಾಡಿದ್ದಳು. ಅಂಥ ಗಂಟು ಅವಳ ಕೈಗೆ ಮತ್ತೆ ಬಂದಿರಲಿಲ್ಲ. ಯಾರ ಬಾಯಿ ಎಂಬುದು ಮಾತ್ರ ನೆನಪಿಗೆ ಬರಲೊಲ್ಲದು.

"ಪೊಲೀಸರಿಗೆ ಹೇಳೋಣ," ಎಂದಳು.

"ಹೇಳಿ ಅಕ್ಕ. ನಾನು ಹೋದ ಮೇಲೆ ಹೇಳಿ." ರೇಡಿಯೋ ಆಗಲೇ ಇಳಿಜಾರು ಹತ್ತುತ್ತಿದ್ದ. ಮೇಲೆ ಹೋಗಿ ನಿಂತವನು ರಸ್ತೆಯ ಕಡೆ ನೋಡಿ, "ಸಾಹುಕಾರರ ಕಾರು ಬರ್ತಿದೆ," ಎಂದ.

ಅವಳ ಎದೆ ಧಸಕ್ಕೆಂದಿತು. ಭಟ್ಟಿ ನಡೆಸಿದ್ದು ತಾವೇ ಎಂದು ಹೇಳಿ ಜಮೀನು ಮಾರುತ್ತಿರುವವರು ಬರುವುದರಲ್ಲಿ ತಪ್ಪೇನಿಲ್ಲ, ಕ್ರಯ ಪೂರ್ತಿಯಾಗುವವರೆಗೆ ಜಮೀನು ಅವರದ್ದೇ. ಆದರೂ ಧಸಕ್ಕೆಂದಿತು. ಮೊದಲಿನಿಂದಲೂ ಸಾಹುಕಾರರದ್ದು ಒಂದೇ ಮಾತು. ಮೇಲಿನ ಕಸ ಕೆರೆದು ತೆಗೆದು, ಒಳ್ಳೆ ಮಣ್ಣು ಹರಡಿಬಿಡಿ, ಆಳಕ್ಕೆ ಹೋಗಬೇಡಿ. ಮಣ್ಣು ಪರೀಕ್ಷೆಯವರು ಅಸಲು ಜೇಡಿಮಣ್ಣು ಸಿಗುವ ತನಕ ತೆಗೆಯದೆ ಮನೆಗೆ ಅನುಮತಿ ಇಲ್ಲ ಎಂದಿದ್ದರಿಂದ ಇವಳು ಹಟ ಹಿಡಿದು ಆಳಕ್ಕೆ ಇಳಿದಿದ್ದಳು.

ಆಮೇಲೆ ಅವಳು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ, ಕೈಗೆ ರೂಢಿಯಾದದ್ದು. ಯಾವ ಹಲ್ಲು ಕೈಗೆ ಬಂದರೂ ಅದನ್ನು ಬೇರೆಯವರಿಗೆ ಕೊಡುವ ಮೊದಲು ಒಂದು ಅಚ್ಚು ತೆಗೆದಿಟ್ಟುಕೊಳ್ಳುವುದು ಅವಳ ಕಸುಬಿನ ಪಾಠ. ಗುಂಡಿಯ ಗೋಡೆಯಿಂದ ಒಂದು ಹಿಡಿ ಬೂದು ಜೇಡಿಮಣ್ಣು ಕಿತ್ತಳು. ಬೆಣ್ಣೆಯಂಥ ಮಣ್ಣು. ಚೀಲದಲ್ಲಿದ್ದ ಖಾಲಿ ಊಟದ ಡಬ್ಬಿಯೊಳಗೆ ಅದನ್ನು ಒತ್ತಿ, ಅದರ ಮೇಲೆ ಸೆಟ್ಟನ್ನು ಅಂಗುಳಿನ ಕಡೆಯಿಂದ ಒಂದು ಸಲ, ಹಲ್ಲಿನ ಕಡೆಯಿಂದ ಒಂದು ಸಲ ಒತ್ತಿ ತೆಗೆದಳು. ಎರಡು ಗುರುತೂ ಚೆನ್ನಾಗಿ ಮೂಡಿದವು. ಮುಚ್ಚಳ ಹಾಕಿದಳು.

ಆ ಡಬ್ಬಿಯನ್ನು ಬೆಳಿಗ್ಗೆ ತುಂಬಿಕೊಡುವವನು ಅವಳ ಗಂಡ. ಸಂಜೆ ಬಸ್ ಡಿಪೋದಿಂದ ಬಂದು ಅದನ್ನು ತೊಳೆದಿಡುವವನೂ ಅವನೇ. ಮದುವೆಯಾದ ಹೊಸತರಲ್ಲಿ ಶುರುವಾದದ್ದು, ಇವತ್ತಿಗೂ ತಪ್ಪಿಲ್ಲ. ಅಕ್ಕತಂಗಿಯರ ಎದುರು ಇದನ್ನು ಹೇಳಿಕೊಂಡು ಅವಳು ಬೀಗುವುದೂ ತಪ್ಪಿಲ್ಲ.

ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು.

ಸಾಹುಕಾರರು ಗುಂಡಿಯ ಅಂಚಿಗೆ ಬಂದು ನಿಂತರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಅತ್ತರಿನ ಘಮ. ಅವರ ಘಮವೂ ಗುಂಡಿಯ ನಾತವೂ ಒಂದರ ಮೇಲೊಂದು ಬಂದವು.

"ಏನಮ್ಮಾ, ಪಾತಾಳಕ್ಕೇ ಇಳಿದುಬಿಟ್ಟಿದೀರಲ್ಲ."

"ಅಸಲು ಮಣ್ಣು ಸಿಗಬೇಕಲ್ಲ ಸಾಹುಕಾರ್ರೇ. ಪರೀಕ್ಷೆಯವರು ಬಿಡಲ್ಲ."

"ಪರೀಕ್ಷೆಯವರನ್ನ ನಾನು ನೋಡ್ಕೋತೀನಿ ಅಂದಿದ್ದೆನಲ್ಲ." ಅವರ ಕಣ್ಣು ಅವಳನ್ನು ದಾಟಿ ಕಿತ್ತಳೆ ಟಾರ್ಪಾಲಿನ ಮೇಲೆ ಕೂತಿತು. ಕೂತದ್ದು ಏಳಲಿಲ್ಲ. "ಅದೇನದು?"

"ಗೊತ್ತಿಲ್ಲ. ಕಸ."

"ಮತ್ತೆ ನಿಮ್ಮ ಕೈಯಲ್ಲಿರೋದು?"

ಮುಚ್ಚಿಡಲು ಸಮಯವಿರಲಿಲ್ಲ. ಅವಳು ಮುಷ್ಟಿ ತೆರೆದಳು.

ಸಾಹುಕಾರರು ಇಳಿಜಾರಿನಲ್ಲಿ ಇಳಿದು ಬಂದರು. ವಯಸ್ಸಾದವರು ಇಳಿಯುವ ಹಾಗೆ ಕಾಲು ತಡವರಿಸುತ್ತಾ ಅಲ್ಲ, ದಾರಿ ಬಲ್ಲವರ ಹಾಗೆ ನೇರ ಬಂದರು. ಹತ್ತಿರ ಬಂದು ಸೆಟ್ಟನ್ನು ನೋಡಿದರು. ಅವರ ಮುಖದಲ್ಲಿದ್ದ ನಗು ಒಂದು ಗಳಿಗೆ ಎಲ್ಲಿಗೋ ಹೋಗಿ, ಮತ್ತೆ ಬಂತು.

"ಅಯ್ಯೋ, ಇದು ಇಲ್ಲಿದೆಯಾ," ಎಂದರು. "ಇದು ನಂದೇ ಕಣಮ್ಮ."

"ನಿಮ್ಮದಾ?"

"ನಂದೇ. ಜಮೀನು ನೋಡೋಕೆ ಬಂದಾಗ ಒಂದ್ಸಲ ಸೀನು ಬಂತು ನೋಡಿ, ಆ ರಭಸಕ್ಕೆ ಎಲ್ಲಿ ಹಾರಿ ಬಿತ್ತೋ. ಹುಡುಕಿ ಹುಡುಕಿ ಸಾಕಾಗಿ ಹೊಸದು ಕಟ್ಟಿಸಿಕೊಂಡೆ." ಬೆರಳಿನ ಉಗುರಿನಿಂದ ತಮ್ಮ ಮುಂದಿನ ಹಲ್ಲಿನ ಮೇಲೆ ಟಕ್ ಟಕ್ ಬಡಿದು ತೋರಿಸಿ, ತಲೆ ಹಿಂದಕ್ಕೆ ಎಸೆದು ಜೋರಾಗಿ ನಕ್ಕರು.

ಆ ನಗು ಅವರ ಕತ್ತಿಗೇ ಬಂತು.

ಮಧ್ಯಾಹ್ನ ಇಳಿದ ಬಿಸಿಲು ನೇರ ಅವರ ತೆರೆದ ಬಾಯಿಯೊಳಕ್ಕೆ ಬೀಳುತ್ತಿತ್ತು. ಹಲ್ಲಕ್ಕ ಬೇಡವೆಂದರೂ ನೋಡಿದಳು. ಅವಳ ಕಣ್ಣಿಗೆ ಬೇರೆ ಕೆಲಸ ಬರುವುದಿಲ್ಲ. ಮುಂದಿನ ಆರು ಹಲ್ಲೂ ಸ್ವಂತದ್ದು. ಬಲಗಡೆಯ ಕೋರೆಹಲ್ಲು ಸ್ವಲ್ಪ ಓರೆ, ಬುಡದಲ್ಲಿ ಕಂದು ಕಲೆ, ಸುತ್ತ ಊದಿಕೊಂಡ ವಸಡು. ಕಟ್ಟಿಸಿದ ಹಲ್ಲಿಗೆ ವಸಡು ಊದುವುದುಂಟೇ? ಅದೂ ಹೋಗಲಿ. ಅಂಗುಳು ಕಮಾನಿನ ಹಾಗೆ ನುಣ್ಣಗಿತ್ತು. ಸೆಟ್ಟಿಲ್ಲ, ತಂತಿಯಿಲ್ಲ. ಮೂಳೆಯ ಗಂಟೂ ಇಲ್ಲ.

ಹಲ್ಲು ಬೀಳುತ್ತದೆ, ಹೊಸದು ಬರುತ್ತದೆ. ಅಂಗುಳಿನ ಮೂಳೆ ಎಲ್ಲಿಗೆ ಹೋಗುತ್ತದೆ?

ಈ ಮನುಷ್ಯ ಯಾಕೆ ಸುಳ್ಳು ಹೇಳಬೇಕು? ಕಸದಲ್ಲಿ ಯಾರದ್ದೋ ಹಲ್ಲು ಸಿಕ್ಕಿದೆ. 'ಯಾರದ್ದೋ ಏನೋ' ಎಂದರೆ ಮುಗಿದುಹೋಗುತ್ತಿತ್ತು. ತನ್ನದೇ ಎಂದು ಹೇಳಬೇಕಾದರೆ, ಅದು ಯಾರದ್ದೆಂದು ಇವರಿಗೆ ಗೊತ್ತಿರಬೇಕು. ಯಾವತ್ತಾದರೂ ಯಾರಾದರೂ ಅದನ್ನು ಹಿಡಿದು 'ಇದು ಈ ಜಮೀನಿನ ಯಜಮಾನರ ಹಲ್ಲು' ಎಂದರೆ, 'ಹೌದು, ನನ್ನದೇ' ಎನ್ನಲು ಈಗಲೇ ದಾರಿ ಮಾಡಿಕೊಳ್ಳುತ್ತಿದ್ದಾರೆ.

ಹಾಗಾದರೆ ಈ ಜಮೀನಿನ ಯಜಮಾನರು ಇವರಲ್ಲ. ಯಜಮಾನರು ಆ ಟಾರ್ಪಾಲಿನೊಳಗಿದ್ದಾರೆ.

"ಕೊಡಿ ಅಮ್ಮ," ಎಂದು ಅವರು ಕೈ ಚಾಚಿದರು.

ಕೊಡದೆ ಇದ್ದರೆ? ಅವಳು ರೇಡಿಯೋನ ಕಡೆ ನೋಡಿದಳು. ಅವನು ಮೇಲೆ ಯಂತ್ರದ ಹಿಂದೆ ನಿಂತು ತನ್ನ ಚಪ್ಪಲಿಯನ್ನು ಪರೀಕ್ಷೆ ಮಾಡುತ್ತಿದ್ದ. ಹತ್ತಿರದ ಮನೆ ಎಂದರೆ ಕೂಗಿದರೆ ಕೇಳದಷ್ಟು ದೂರ.

"ತಗೊಳ್ಳಿ, ನಿಮ್ಮದೇ ಅಂದ್ಮೇಲೆ ನನಗ್ಯಾಕೆ," ಎಂದು ಕೊಟ್ಟಳು.

ಅವರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ತನ್ನ ಹಲ್ಲನ್ನು ಯಾರೂ ಅಷ್ಟು ಅಸಹ್ಯದಿಂದ ಎರಡೇ ಬೆರಳಲ್ಲಿ ಹಿಡಿಯುವುದಿಲ್ಲ.

"ಡಬ್ಬಿಯಲ್ಲೇನಮ್ಮ?"

"ಊಟದ ಡಬ್ಬಿ. ಖಾಲಿ."

"ಊಟ ಆಯ್ತಾ?"

"ಆಯ್ತು."

"ಈ ನಾತದಲ್ಲಿ ಊಟ ಹೇಗೆ ಸೇರುತ್ತೋ ನಿಮಗೆ." ಅವರು ಡಬ್ಬಿಯನ್ನೇ ನೋಡುತ್ತಾ ನಿಂತರು. ಅವಳು ಅದನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದಳು. ಮುಚ್ಚಳ ಸಡಿಲ, ಒಂದು ಕಡೆ ಮಣ್ಣಿನ ಬೆರಳ ಗುರುತು. ಆಮೇಲೆ ಅವರು ಮೆಲ್ಲಗೆ, ಮನೆಯ ಹಿರಿಯರು ಬುದ್ಧಿ ಹೇಳುವ ಹಾಗೆ, "ಹೊಲಿಗೆ ಕೆಲಸ ಮಾಡ್ಕೊಂಡಿರೋ ಹೆಣ್ಣುಮಕ್ಕಳಿಗೆ ಈ ಗುಂಡಿ, ಮಣ್ಣು ಎಲ್ಲಾ ಯಾಕಮ್ಮ? ಮನೆಗೆ ಹೋಗಿ. ನಾಳೆ ಬೆಳಿಗ್ಗೆ ನಮ್ಮ ಮಣ್ಣಿನ ಲಾರಿಗಳು ಬರ್ತವೆ. ಗುಂಡಿ ತುಂಬಿಸಿ ಮಟ್ಟ ಮಾಡಿ ಕೊಡೋದು ನನ್ನ ಭಾರ," ಎಂದರು.

"ಬೇರೆ ಯಾರಿಗೂ ತೋರಿಸಿಲ್ಲ ತಾನೇ, ಈ ಹಲ್ಲನ್ನ?"

"ಯಾರಿದ್ದಾರೆ ತೋರಿಸೋಕೆ?"

"ಒಳ್ಳೇದು."

ಅವರು ಮೇಲೆ ಹತ್ತಿ ಕಾರಿನಲ್ಲಿ ಕೂತರು. ಆದರೆ ಕಾರು ಹೊರಡಲಿಲ್ಲ. ಇವಳು ಸ್ಕೂಟರ್ ಹತ್ತಿ ಹೊರಡುವವರೆಗೂ, ರೇಡಿಯೋ ಯಂತ್ರವನ್ನು ರಸ್ತೆಗೆ ಹತ್ತಿಸುವವರೆಗೂ ಅಲ್ಲೇ ನಿಂತಿತ್ತು.

"ನಾಳೆಯಿಂದ ನಾನು ಬರಲ್ಲ ಅಕ್ಕ," ಎಂದ ರೇಡಿಯೋ, ಅವಳ ಮುಖ ನೋಡದೆ. "ನೀವೂ ಬರಬೇಡಿ."

ಪೇಟೆಯ ದಾರಿಯಲ್ಲಿ ಪೊಲೀಸ್ ಠಾಣೆಯ ಮುಂದೆ ಸ್ಕೂಟರ್ ನಿಧಾನ ಮಾಡಿದಳು. ನಿಲ್ಲಿಸಲಿಲ್ಲ. ಒಳಗೆ ಹೋಗಿ ಹೇಳುವುದೇನನ್ನು? ಕಸದ ಗುಂಡಿಯಲ್ಲಿ ಒಂದು ಸುತ್ತಿದ ಟಾರ್ಪಾಲಿದೆ, ಒಬ್ಬರ ಬಾಯಲ್ಲಿ ಗಂಟಿಲ್ಲ ಎಂದೇ? ನಗುತ್ತಾರೆ. ಬಾಯಿ ಯಾರದ್ದೆಂದು ಮೊದಲು ಗೊತ್ತಾಗಬೇಕು. ಹೆಸರು ಹಿಡಿದು ಹೋದರೆ ಅವರು ಎದ್ದು ನಿಲ್ಲುತ್ತಾರೆ. ಬೆಳಿಗ್ಗೆ ಲಾರಿಗಳು ಬರುವುದರೊಳಗೆ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಆ ಮನುಷ್ಯನ ಮೇಲೆ ಮಣ್ಣು ಬಿದ್ದು, ಮಣ್ಣಿನ ಮೇಲೆ ಇವಳದೇ ಮನೆ ಏಳುತ್ತದೆ. ಆ ಕಿಟಕಿ, ಆ ಬೆಳಕು. ಅವಳು ಸ್ಕೂಟರಿನ ವೇಗ ಹೆಚ್ಚಿಸಿದಳು.

ಇನ್ನೊಂದು ವಿಷಯವೂ ದಾರಿಯುದ್ದಕ್ಕೂ ಅವಳ ಬೆನ್ನು ಹತ್ತಿ ಬಂತು. ಹೊಲಿಗೆ ಕೆಲಸ. ಕರಾರಿನ ದಿನ ಸಾಹುಕಾರರು, "ಅಮ್ಮನವರದ್ದು ಏನು ಕೆಲಸ?" ಎಂದು ಕೇಳಿದಾಗ ಅವಳ ಗಂಡ, "ಮನೇಲೇ ಹೊಲಿಗೆ ಮಾಡ್ತಾಳೆ," ಎಂದುಬಿಟ್ಟಿದ್ದ. ಹೊರಗೆ ಬಂದ ಮೇಲೆ ಅವಳು ನಕ್ಕು, ನನಗೆ ಅಂಗಿಗೆ ಗುಂಡಿ ಹಾಕೋಕೂ ಬರಲ್ಲ, ಯಾಕ್ರೀ ಹಾಗಂದ್ರಿ ಎಂದು ಕೇಳಿದ್ದಳು. "ಹಲ್ಲಿನ ಕೆಲಸ ಅಂದ್ರೆ ಕೈತುಂಬ ಕಾಸಿದೆ ಅಂದ್ಕೋತಾರೆ ಕಣೇ, ರೇಟು ಏರಿಸ್ತಾರೆ," ಎಂದಿದ್ದ ಅವನು. ಸರಿಯಾದ ಮಾತೇ. ಆ ಸುಳ್ಳೇ ಇವತ್ತು ಅವಳ ಜೀವ ಉಳಿಸಿತು. ಹಲ್ಲು ಮಾಡುವವಳೆಂದು ಗೊತ್ತಿದ್ದರೆ ಆ ಮನುಷ್ಯ ಅವಳನ್ನು ಗುಂಡಿಯಿಂದ ಮೇಲೆ ಹತ್ತಲು ಬಿಡುತ್ತಿದ್ದನೇ?

ಮನೆಗೆ ಬಂದಾಗ ಗಂಡ ಇನ್ನೂ ಡಿಪೋದಿಂದ ಬಂದಿರಲಿಲ್ಲ. ಅವಳು ಕೈ ಕೂಡ ತೊಳೆಯದೆ ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿ ಇಟ್ಟು ಮುಚ್ಚಳ ತೆಗೆದಳು. ಅಚ್ಚು ಹಾಳಾಗಿರಲಿಲ್ಲ. ಲಾಳದ ಆಕಾರ, ಆರು ಹಲ್ಲು, ತಂತಿಯ ಸುತ್ತು ಕೂಡ ಮೂಡಿತ್ತು. ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸಿ, ಗುಳ್ಳೆ ಬಾರದ ಹಾಗೆ ಡಬ್ಬಿಯನ್ನು ತಟ್ಟಿ ತಟ್ಟಿ ಎರೆದಳು. ಇನ್ನು ಅದು ಗಟ್ಟಿಯಾಗಬೇಕು. ಗಟ್ಟಿಯಾಗುವಾಗ ಪ್ಲಾಸ್ಟರ್ ತಾನಾಗೇ ಬಿಸಿಯಾಗುತ್ತದೆ, ಬಿಸಿ ಆರಿದ ಮೇಲೆ ತೆಗೆಯಬೇಕು. ಅದಕ್ಕೆ ಮೊದಲು ಮುಟ್ಟಿದರೆ ಎಲ್ಲವೂ ಹಿಟ್ಟು.

ಅಷ್ಟರಲ್ಲಿ ಹಳೆಯ ದವಡೆಯನ್ನು ಹುಡುಕೋಣವೆಂದು ಕೆಲಸದ ಕೋಣೆಯ ಬೀಗ ತೆಗೆದಳು. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಬಿಳಿ ದವಡೆಗಳು. ಮಾಡಿದ ಒಂದೊಂದು ಸೆಟ್ಟಿನ ದವಡೆಯನ್ನೂ ಅವಳು ಎಸೆಯದೆ ಇಡುತ್ತಾಳೆ. ಸೆಟ್ಟು ಮುರಿದು ಬಂದರೆ ಬೇಕಾಗುತ್ತದೆ ಎಂದು. ತಳದಲ್ಲಿ ಪೆನ್ಸಿಲಿನಿಂದ ರೋಗಿಯ ಹೆಸರು. ಗಂಡನಿಗೆ ಆ ಕೋಣೆ ಎಂದರೆ ಅಷ್ಟಕ್ಕಷ್ಟೇ. ಇಷ್ಟು ಜನ ಒಟ್ಟಿಗೆ ಹಲ್ಲು ಕಿರಿದರೆ ನನಗೆ ನಿದ್ದೆ ಬರಲ್ಲ ಎಂದು ತಮಾಷೆ ಮಾಡುತ್ತಿದ್ದ.

ಗಂಟಿನ ದವಡೆ ಎಲ್ಲಿತ್ತೆಂದು ಅವಳಿಗೆ ನೆನಪಿತ್ತು. ಮೇಲಿನಿಂದ ಎರಡನೇ ಹಲಗೆ, ಕಿಟಕಿಯ ಮೂಲೆ. ಸ್ಟೂಲು ಹತ್ತಿ ಕೈ ಹಾಕಿದಳು.

ಇರಲಿಲ್ಲ.

ಆಚೀಚೆ ದವಡೆಗಳು ಧೂಳು ಹೊದ್ದು ಕೂತಿದ್ದವು. ನಡುವೆ ಒಂದು ದವಡೆಯಷ್ಟು ಜಾಗ ಮಾತ್ರ ಧೂಳಿಲ್ಲದೆ ಬೆಳ್ಳಗಿತ್ತು. ತೆಗೆದು ಬಹಳ ದಿನವಾಗಿರಲಿಲ್ಲ.

ಅವಳು ಸ್ಟೂಲಿನ ಮೇಲೆಯೇ ನಿಂತಳು. ಕಿಟಕಿಗೆ ಸರಳು. ಬಾಗಿಲಿಗೆ ಬೀಗ. ಬೀಗಕ್ಕೆ ಎರಡು ಕೀಲಿ. ಒಂದು ಈಗ ಅವಳ ಸೊಂಟದಲ್ಲಿದೆ.

ಒಡೆದುಹೋಗಿರಬಹುದು, ಎಂದುಕೊಂಡಳು. ನಾನೇ ಎಲ್ಲೋ ಎತ್ತಿಟ್ಟಿರಬಹುದು. ತನಗೆ ತಾನೇ ಹೀಗೆ ಸಮಾಧಾನ ಹೇಳಿಕೊಳ್ಳುತ್ತಾ, ಮೆಲ್ಲಗೆ ಇಳಿದು, ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದಳು. ಮುದುಕರು. ಈಗ ವೈದ್ಯ ಬಿಟ್ಟಿದ್ದಾರೆ, ಮಾತು ಬಿಟ್ಟಿಲ್ಲ.

"ಡಾಕ್ಟ್ರೇ, ಅಂಗುಳಲ್ಲಿ ಗಂಟಿದ್ದವರೊಬ್ಬರಿಗೆ ಸೆಟ್ಟು ಮಾಡಿಸಿದ್ರಿ. ಮೇಲಿನ ಆರು ಹಲ್ಲು. ನೆನಪಿದೆಯಾ?"

"ಮರೆಯೋದುಂಟೇನಮ್ಮ ಆ ಗಂಟನ್ನ? ಅಚ್ಚು ತೆಗೆಯೋಕೆ ಹೋದ್ರೆ ಕೈ ಕಚ್ಚಿಬಿಟ್ಟಿದ್ದ ಮಹಾನುಭಾವ. ಇಟ್ಟಿಗೆ ಭಟ್ಟಿ ಇಟ್ಕೊಂಡಿದ್ರಲ್ಲ, ಅವರು. ಒಂಟಿ ಜೀವ. ಭಟ್ಟಿ ಮುಚ್ಚಿದ ಮೇಲೂ ಆ ಜಮೀನು ಮಾರಲ್ಲ ಅಂತ ಹಟ ಹಿಡಿದು ಕೂತಿದ್ರು."

"ಈಗ ಎಲ್ಲಿದ್ದಾರೆ?" ಎಂದು ಕೇಳಿದಳು.

"ಎರಡು ವರ್ಷ ಆಯ್ತು, ಪತ್ತೆಯಿಲ್ಲ. ದೂರದ ನೆಂಟರ ಮನೆಗೆ ಹೋದ್ರು ಅಂತ ಯಾರೋ ಅಂದ್ರು. ಹಲ್ಲು ಸಡಿಲ ಆಗಿದೆ, ಬರ್ತೀನಿ ಅಂದವರು ಬರಲೇ ಇಲ್ಲ. ಆಳು ಸಣ್ಣಗೆ, ಎಡಗಾಲು ಸ್ವಲ್ಪ ಕುಂಟು."

ಸಾಹುಕಾರರದ್ದು ದಪ್ಪ ಮೈ. ಕಾಲೆರಡೂ ಗಟ್ಟಿ.

"ಡಾಕ್ಟ್ರೇ, ಇದನ್ನ ನೀವು ಪೊಲೀಸರ ಮುಂದೆ ಹೇಳ್ತೀರಾ?"

"ಪೊಲೀಸರಾ? ಯಾಕಮ್ಮ? ಏನು, ಗಂಡಹೆಂಡತಿ ಇಬ್ಬರೂ ಅವರ ಹಿಂದೆ ಬಿದ್ದಿದೀರಿ?"

"ಇಬ್ಬರೂ ಅಂದ್ರೆ?"

"ನಿಮ್ಮ ಯಜಮಾನ್ರು ಬಂದಿದ್ರಲ್ಲ. ಕರಾರು ಮಾಡ್ಕೊಳ್ಳೋಕೆ ಹೋಗ್ತಿದೀವಿ ಅಂತ, ಅದಕ್ಕೆ ಮುಂಚೆ. ಇದೇ ಗಂಟಿನ ಬಾಯಿಯವರು ನಿಮಗಿನ್ನೂ ನೆನಪಿದಾರಾ ಅಂತ ಕೇಳಿದ್ರು. ಕೈಯಲ್ಲಿ ಆ ಪ್ಲಾಸ್ಟರ್ ದವಡೆನೇ ತಂದಿದ್ರು. ನಿಮಗೆ ಹೇಳಿರಲಿಲ್ವಾ?"

ಕರಾರಿಗೆ ಮುಂಚೆ. ಹಲ್ಲು ಸಿಕ್ಕುವುದಕ್ಕೆ ಎಷ್ಟೋ ಮುಂಚೆ. ಹೊಲಿಗೆ ಕೆಲಸ ಎಂದು ಹೇಳಿದ ಸುಳ್ಳಿಗೂ ಮುಂಚೆ.

ಆಗ ಒಳಗಿನಿಂದ ನೀರಿನ ಸದ್ದು ಬಂತು.

ನಲ್ಲಿ. ಅಡುಗೆಮನೆಯ ನಲ್ಲಿ. ಧಾರಾಳವಾಗಿ ಸುರಿಯುತ್ತಿತ್ತು. ಅದರ ಜೊತೆಗೆ ಸ್ಟೀಲಿನ ಮೇಲೆ ನಾರು ಉಜ್ಜುವ ಸದ್ದು. ದಿನಾ ಸಂಜೆ ಕೇಳಿಸಿಕೊಂಡು ಹಾಯೆನಿಸುತ್ತಿದ್ದ ಸದ್ದು. ಅವನು ಹಿಂಬಾಗಿಲಿನಿಂದ ಬಂದದ್ದು ಅವಳಿಗೆ ಕೇಳಿರಲೇ ಇಲ್ಲ.

ಫೋನನ್ನು ಕೈಯಲ್ಲಿ ಹಿಡಿದಂತೆಯೇ ಓಡಿದಳು.

ಡಬ್ಬಿ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ತೊಳೆದು, ಒರೆಸಿ, ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಸಿಂಕಿನ ತೂತಿನ ಸುತ್ತ ಬಿಳಿ ನೀರು ಸುತ್ತುತ್ತಾ ಇಳಿಯುತ್ತಿತ್ತು. ಅದರ ಹಿಂದೆ ಒಂದಿಷ್ಟು ಬೂದು ಮಣ್ಣು.

"ಬಂದೆಯಾ?" ಎಂದ ಗಂಡ, ತಿರುಗದೆ. "ಡಬ್ಬಿ ತುಂಬ ಮಣ್ಣು, ಹಿಟ್ಟು ಏನೇನೋ ಮೆತ್ತಿಕೊಂಡು ಬಂದಿದೀಯಲ್ಲೇ. ಊಟದ ಡಬ್ಬಿ ಕಣೇ ಅದು."

ಎಂದಿನ ದನಿ. ಎಂದಿನ ಹುಸಿಮುನಿಸು. ಅವಳು ಅವನ ಬೆನ್ನನ್ನೇ ನೋಡುತ್ತಾ ನಿಂತಳು. ಇಷ್ಟು ವರ್ಷ ಕಂಡ ಬೆನ್ನು. ಅವನಿಗೆ ಗೊತ್ತಿಲ್ಲದೆ ತೊಳೆದಿರಬಹುದು. ದಿನಾ ತೊಳೆಯುವವನು, ಇವತ್ತೂ ತೊಳೆದ. ಆ ದವಡೆಯನ್ನು ಒಯ್ದದ್ದಕ್ಕೂ ಏನೋ ಕಾರಣವಿರಬಹುದು, ಕೇಳಿದರೆ ಹೇಳಬಹುದು. ಹಾಗೆ ನಂಬಬೇಕೆಂದು ಅವಳ ಜೀವವೆಲ್ಲ ಬೇಡಿಕೊಂಡಿತು.

ಅವನು ನಲ್ಲಿ ನಿಲ್ಲಿಸಿದ. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡ. ಹಿಂಬಾಗಿಲಿನ ಚಿಲಕ ಎಳೆದು ಹಾಕಿದ. ಆಮೇಲೆ ಅವಳ ಕಡೆ ತಿರುಗಿ, ಬಸ್ಸಿನ ಟೈಮು ಕೇಳುವಷ್ಟು ಸಹಜವಾಗಿ ಕೇಳಿದ:

"ಆ ಹಲ್ಲನ್ನ ಸಾಹುಕಾರರ ಕೈಗೇ ಕೊಟ್ಟೆ ತಾನೇ?"

ಹಲ್ಲಿನ ವಿಷಯವನ್ನು ಅವಳು ಅವನಿಗೆ ಹೇಳಿರಲಿಲ್ಲ.

"ಹೂಂ, ಕೊಟ್ಟೆ," ಎಂದಳು. ಫೋನ್ ಹಿಡಿದ ಕೈಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿದಳು. ಅದನ್ನು ಆಫ್ ಮಾಡಿದ್ದಳೋ ಇಲ್ಲವೋ ಎಂದು ನೆನಪಿಸಿಕೊಳ್ಳುವಷ್ಟರಲ್ಲಿ, ಬೆನ್ನ ಹಿಂದಿನಿಂದ ಡಾಕ್ಟರ ಮುದಿ ದನಿ ಸಣ್ಣಗೆ, ಸ್ಪಷ್ಟವಾಗಿ ಕೇಳಿತು.

"ಅಮ್ಮಾ, ಲೈನಲ್ಲಿ ಇದೀರಾ? ಪೊಲೀಸರು ಅಂದ್ರಲ್ಲ, ಯಾಕೆ ಅಂತ ಹೇಳಲೇ ಇಲ್ಲ."

ಗಂಡನ ಕೈಯಲ್ಲಿದ್ದ ಟವೆಲ್ಲು ಅಲ್ಲಾಡುವುದು ನಿಂತಿತು.